ಬೆಳ್ಳಿ ಯಂತ್ರವಾಗಿರಲಿಲ್ಲ

ಹೋದ ವಾರದವರೆಗೂ ನಮ್ಮ ಗುಂಪಿಗೆ ಹೊಸಬರು ಸೇರಿದಾಗಲೆಲ್ಲ ಹಳಬರು ಒಂದು ಕಥೆ ಹೇಳುತ್ತಿದ್ದರು. ಪೈಥಾನ್ ಪ್ರೋಗ್ರಾಮಿಂಗನ್ನು ಕನ್ನಡದಲ್ಲಿ ಕಲಿಯುವ, ಕಲಿಸುವ ಆನ್‌ಲೈನ್ ಗುಂಪು ನಮ್ಮದು. ಒಂದು ಕಾಲಕ್ಕೆ ಅದರೊಳಗೆ ಮನುಷ್ಯರ ವೇಷ ಹಾಕಿಕೊಂಡು ಒಂದು ಯಂತ್ರ ಸೇರಿಕೊಂಡಿತ್ತಂತೆ. ‘ಬೆಳ್ಳಿ’ ಅಂತ ಹೆಸರಿಟ್ಟುಕೊಂಡು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿತ್ತಂತೆ. ವೀರೇಶ್ ಅನ್ನುವ ಹುಡುಗ ವಾದ ಮಾಡಿ ಅದನ್ನು ಬಯಲಿಗೆಳೆದನಂತೆ. ಕಥೆ ಮುಗಿದ ಮೇಲೆ ಚಪ್ಪಾಳೆಯ ಗುರುತುಗಳು ಸಾಲಾಗಿ ಬೀಳುತ್ತಿದ್ದವು.

ಆ ಕಥೆ ಸುಳ್ಳು. ಅದು ಸುಳ್ಳೆಂದು ಅವತ್ತೇ ಗೊತ್ತಿದ್ದವನು ಗುಂಪಿನಲ್ಲಿ ಒಬ್ಬನೇ ಇದ್ದ. ಆ ವೀರೇಶ್ ನಾನೇ.

ಬೆಳ್ಳಿ ಯಂತ್ರವಾಗಿರಲಿಲ್ಲ. ಅವಳು ಒಬ್ಬ ಹುಡುಗಿ, ನಮ್ಮ ಊರಿನ ಕಡೆಯವಳು, ನನಗೆ ಪ್ರೋಗ್ರಾಂ ಬರೆಯಲು ಕಲಿಸಿದವಳು. ಅವಳನ್ನು ಗುಂಪಿನಿಂದ ತೆಗೆಯುವ ಮುಂಚೆ ಇದು ನನಗೆ ತಿಳಿದಿತ್ತು. ತಿಳಿದೂ ನಾನು — ಇಲ್ಲ, ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿಸಿ ಹೇಳಿದರೆ ನನಗೆ ಅನುಕೂಲವಾಗುವಂತೆ ಹೇಳಿಬಿಡುತ್ತೇನೆ. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ನಮ್ಮದು ಆದೋನಿ. ಅಪ್ಪನದು ಹತ್ತಿ ವ್ಯಾಪಾರ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗ. ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಯಾವ ಪಕ್ಷ ಕೊಟ್ಟರೆ ಆ ಪಕ್ಷ ಹಿಡಿದು ಗೆದ್ದು ಬರುತ್ತಿದ್ದೆ. ಎದುರಿನವರ ಮಾತು ಸರಿ ಇದ್ದರೆ ಆ ಮಾತಿನ ತಂಟೆಗೆ ಹೋಗಬೇಡ, ಅವರು ಅದನ್ನು ಆಡಿದ ರೀತಿಯನ್ನು ಹಿಡಿ ಅಂತ ನಮಗೆ ತರಬೇತಿ ಕೊಟ್ಟ ಮೇಷ್ಟ್ರು ಹೇಳುತ್ತಿದ್ದರು. ಅವರು ಹೇಳಿದ್ದು ಸ್ಪರ್ಧೆಗೆ. ನಾನು ಅದನ್ನು ಎಲ್ಲ ಕಡೆಗೂ ಹೊತ್ತುಕೊಂಡು ಹೋದೆ. ಮನೆಯಲ್ಲಿ ಅವ್ವ, ‘ಇವನ ಸಂಗಾಟ ಮಾತಾಡಬೇಕಂದ್ರ ವಕೀಲರನ್ನ ಇಟಗೋಬೇಕವ್ವಾ’ ಅನ್ನುತ್ತಿದ್ದಳು. ಅದನ್ನು ನಾನು ಹೊಗಳಿಕೆ ಅಂದುಕೊಂಡಿದ್ದೆ.

ಪೈಥಾನ್ ಕಲಿಯಲು ಹೊರಟಿದ್ದೂ ಒಂದು ವಾದ ಗೆಲ್ಲಲಿಕ್ಕೇ. ಅಪ್ಪನ ಸ್ನೇಹಿತ ಚನ್ನಬಸಪ್ಪ ಕಾಕಾ ಅಮಾವಾಸ್ಯೆ ಬಂದರೆ ಹತ್ತಿ ರೇಟು ಬಿದ್ದೇ ಬೀಳುತ್ತದೆ ಅಂತ ನಂಬಿದವರು. ಅಂಗಡಿಯಲ್ಲಿ ಕೂತವರೆಲ್ಲ ತಲೆಯಾಡಿಸುತ್ತಿದ್ದರು. ದರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಇದು ಬುಡವಿಲ್ಲದ ಮಾತು ಅಂತ ತೋರಿಸುತ್ತೇನೆ ಅಂದೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟು, ‘ಅಮಾವಾಸಿ ಮ್ಯಾಲೆ ಕೇಸ್ ಹಾಕ್ತೀಯೇನೋ? ಹಾಕಪ್ಪಾ, ಸಾಕ್ಷಿಗೆ ಚಂದ್ರನ್ನ ಕರಿ, ಅವತ್ತು ಅವನು ಬರಂಗಿಲ್ಲ’ ಅಂದರು. ಎಲ್ಲರೂ ನಕ್ಕರು. ನನಗೆ ಉರಿಯಿತು.

ಹಾಗೆ ಆ ಗುಂಪಿಗೆ ಸೇರಿದೆ. ಸೇರುವಾಗ ಊರು ಬಳ್ಳಾರಿ ಕಡೆ ಅಂತ ಬರೆದೆ. ಆದೋನಿ ಅಂದರೆ ‘ಆಂಧ್ರದವರಾ? ಕನ್ನಡ ಬರುತ್ತದಾ?’ ಅಂತ ಕೇಳುತ್ತಾರೆ — ಹಿಂದೆ ಬೇರೆ ಕಡೆ ಕೇಳಿದ್ದರು. ಪುಸ್ತಕದ ಕನ್ನಡವನ್ನು ಹಠ ಹಿಡಿದು ಕಲಿತಿದ್ದೆ. ಮನೆಯ ‘ಐತಿ’, ‘ಬಂದಾನ’ ನನ್ನ ಬೆರಳಿನಿಂದ ಒಮ್ಮೆಯೂ ಜಾರಿ ಬೀಳಲಿಲ್ಲ. ಒಮ್ಮೆ ಯಾರೋ ರಾಯಚೂರು ಕಡೆಯ ಒಬ್ಬರು ಗುಂಪಿನಲ್ಲಿ ತಮ್ಮ ಮಾತಿನಲ್ಲೇ ಧ್ವನಿ ಸಂದೇಶ ಹಾಕಿ ಪ್ರಶ್ನೆ ಕೇಳಿದಾಗ ಕೆಲವರು ನಗುವ ಗುರುತು ಹಾಕಿದರು. ಮೊದಲು ಹಾಕಿದವರಲ್ಲಿ ನಾನೂ ಇದ್ದೆ.

ಗುಂಪಿನಲ್ಲಿ ಒಂದು ಪದ್ಧತಿ ಇದೆ. ‘ನನ್ನ ಪ್ರೋಗ್ರಾಂ ಓಡುತ್ತಿಲ್ಲ’ ಅಂತ ಬರೀ ಹಾಗೆ ಹಾಕುವಂತಿಲ್ಲ. ಏನಾಗುತ್ತದೆ ಅಂದುಕೊಂಡಿದ್ದೆ, ಏನಾಯಿತು — ಈ ಎರಡನ್ನು ಮೊದಲು ಬರೆಯಬೇಕು. ಉತ್ತರ ಗೊತ್ತಿದ್ದವರೂ ಉತ್ತರ ಕೊಡದೆ ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ, ನಾವೇ ತಡಕಾಡಿ ಹುಡುಕಿಕೊಳ್ಳಲಿ ಅಂತ. ಅದನ್ನು ಎಲ್ಲರಿಗಿಂತ ತಾಳ್ಮೆಯಿಂದ ಮಾಡುತ್ತಿದ್ದವಳು ಬೆಳ್ಳಿ. ಚಿತ್ರವಿಲ್ಲ, ಊರಿಲ್ಲ, ಹೆಸರು ಮಾತ್ರ. ‘ಮೊದಲನೆಯದಾಗಿ, ನಿಮ್ಮ ನಾಲ್ಕನೆಯ ಸಾಲಿನ ಆರಂಭದಲ್ಲಿ ಎಷ್ಟು ಖಾಲಿ ಜಾಗವಿದೆ ಎಂದು ದಯವಿಟ್ಟು ಗಮನಿಸಿ’ ಅಂತ ಬರೆಯುತ್ತಿದ್ದಳು. ನನ್ನ ಮೊದಲ ಪ್ರೋಗ್ರಾಂ ಓಡಿದ್ದು ಅವಳ ಆ ಸಾಲಿನಿಂದ. ಫೈಲು ತೆರೆಯುವುದು, ದಿನಾಂಕ ಓದುವುದು, ಮತ್ತೆ ಮತ್ತೆ ಓಡುವ ಒಂದು ಲೂಪಿನೊಳಗೆ ಇನ್ನೊಂದು — ಎಲ್ಲದರಲ್ಲೂ ಅವಳ ಪ್ರಶ್ನೆಗಳಿದ್ದವು. ನನ್ನ ಕೈಗೆ ಬಂದ ಈ ವಿದ್ಯೆಯಲ್ಲಿ ಅವಳ ಪಾಲು ಎಷ್ಟು ಅಂತ ಬೇರೆ ಮಾಡಿ ತೋರಿಸಲು ನನಗೆ ಆಗುವುದಿಲ್ಲ.

ಅಮಾವಾಸ್ಯೆಯ ಲೆಕ್ಕ ತಯಾರಾದ ದಿನ ಅದನ್ನು ಗುಂಪಿನಲ್ಲಿ ಹೆಮ್ಮೆಯಿಂದ ಹಾಕಿದೆ. ರೇಟಿಗೂ ಅಮಾವಾಸ್ಯೆಗೂ ಸಂಬಂಧವಿಲ್ಲ, ನೋಡಿ. ಹೊಗಳಿಕೆಗಳು ಬಂದವು. ಮಧ್ಯಾಹ್ನ ಬೆಳ್ಳಿ ಬರೆದಳು: ‘ಬೆಲೆ ಬಿದ್ದ ಎರಡು ಅಮಾವಾಸ್ಯೆಗಳನ್ನು ನಿಮ್ಮ ಪ್ರೋಗ್ರಾಂ ಓದಿಯೇ ಇಲ್ಲ. ಅದು ತಪ್ಪಿ ಆಗಿದೆಯೇ, ನೀವೇ ಬಿಟ್ಟಿದ್ದೀರಾ?’

ತಪ್ಪಿ ಆದದ್ದೇ. ಕೆಲವು ದಿನಾಂಕಗಳನ್ನು ನಾನು ಬೇರೆ ರೀತಿಯಲ್ಲಿ ಬರೆದಿದ್ದೆ, ಪ್ರೋಗ್ರಾಂ ಅಲ್ಲಿ ಎಡವುತ್ತಿತ್ತು. ದೋಷ ಬಂದರೂ ತೋರಿಸಬೇಡ, ಸುಮ್ಮನೆ ಮುಂದೆ ಹೋಗು ಅಂತ ಪೈಥಾನಿಗೆ ಹೇಳಲು ಒಂದು ದಾರಿ ಇದೆ. ಎಡವುವುದನ್ನು ನೋಡಿ ನೋಡಿ ಬೇಸರವಾಗಿ ನಾನು ಆ ದಾರಿ ಹಿಡಿದಿದ್ದೆ. ಆ ಎರಡು ದಿನ ಸೇರಿಸಿದರೂ ನನ್ನ ವಾದವೇ ಗೆಲ್ಲುತ್ತಿತ್ತು — ಆಮೇಲೆ ಸೇರಿಸಿ ನೋಡಿದೆ, ಗೆದ್ದಿತು. ‘ಹೌದು, ತಪ್ಪಿದೆ, ತಿದ್ದುತ್ತೇನೆ’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಎಲ್ಲರೆದುರು, ನನಗೆ, ‘ನೀವೇ ಬಿಟ್ಟಿದ್ದೀರಾ’ ಅಂತ… ಚನ್ನಬಸಪ್ಪ ಕಾಕಾ ನಕ್ಕಾಗ ಹತ್ತಿದ ಉರಿಯೇ ಮತ್ತೆ ಹತ್ತಿತು.

ಅವಳ ಮಾತು ಸರಿ ಇತ್ತು. ಹಾಗಾಗಿ ಅವಳು ಮಾತಾಡುವ ರೀತಿಯನ್ನು ಹಿಡಿದೆ.

ಆ ದಿನಗಳಲ್ಲಿ ಗುಂಪಿನಲ್ಲಿ ಒಂದು ಹೆದರಿಕೆ ಇತ್ತು. ಕೆಲವರು ಉತ್ತರಿಸುವ ಯಂತ್ರಗಳಿಂದ ಬರೆಸಿ, ತಮ್ಮದೇ ಅನ್ನುವಂತೆ ತಂದು ಹಾಕುತ್ತಿದ್ದರು. ಅದರಲ್ಲಿ ತಪ್ಪುಗಳಿದ್ದು ಹೊಸಬರು ದಾರಿ ತಪ್ಪಿದ್ದರು. ಹೇಳದೆ ಹಾಗೆ ಮಾಡಿದವರನ್ನು ಗುಂಪಿನಿಂದ ತೆಗೆಯುವುದು ಅಂತ ಗುಂಪು ನಡೆಸುವ ಮೇಡಂ ನಿಯಮ ಮಾಡಿದ್ದರು. ಅದೇ ಮೇಡಂ ಹೊಸಬರ ತರಗತಿಯನ್ನು ಇನ್ನು ಮುಂದೆ ಬೆಳ್ಳಿ ನಡೆಸಲಿ ಅಂತಲೂ ಬರೆದಿದ್ದರು. ‘ಇದಕ್ಕಿಂತ ದೊಡ್ಡ ಸಂತೋಷ ನನಗೆ ಇಲ್ಲ’ ಅಂತ ಬೆಳ್ಳಿ ಉತ್ತರಿಸಿದ್ದಳು. ಅದನ್ನೂ ನಾನು ಸಾಕ್ಷಿಯಾಗಿ ಬಳಸಿದೆ.

ಬರೆದೆ: ಇವರ ಕನ್ನಡ ನೋಡಿ, ಯಾವ ಊರಿನದು? ಯಾವ ಊರಿನದೂ ಅಲ್ಲ. ಒಂದು ಕಾಗುಣಿತ ತಪ್ಪಿಲ್ಲ, ಒಂದು ‘ಅಯ್ಯೋ’ ಇಲ್ಲ, ನಗುವಿಲ್ಲ, ಸಂತೋಷವನ್ನೂ ಅರ್ಜಿಯ ಭಾಷೆಯಲ್ಲಿ ಹೇಳುತ್ತಾರೆ. ಉತ್ತರಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಒಟ್ಟಿಗೇ ಸುರಿಯುತ್ತವೆ. ಉಳಿದ ಹೊತ್ತು ಮೌನ. ಮನುಷ್ಯರು ಹೀಗಿರುತ್ತಾರೆಯೇ? ನಾನು ಬರೆದದ್ದು ಚೆನ್ನಾಗಿತ್ತು, ಒಪ್ಪಿಕೊಳ್ಳುತ್ತೇನೆ. ಈಗ ಓದಿದರೂ ಅಲುಗಾಡುವುದಿಲ್ಲ. ಅದರಲ್ಲಿರುವ ಪ್ರತಿಯೊಂದು ವಾಕ್ಯವೂ ನಿಜ, ಒಟ್ಟು ಮಾತ್ರ ಸುಳ್ಳು.

ಮಾರನೆಯ ಮಧ್ಯಾಹ್ನ ಅವಳು ಉತ್ತರಿಸಿದಳು. ‘ನಾನು ಯಂತ್ರವಲ್ಲ. ನಾನು ಒಬ್ಬ ಹುಡುಗಿ.’

‘ಯಂತ್ರವೂ ಇದನ್ನೇ ಹೇಳುತ್ತದೆ’ ಅಂದೆ.

ಅದರ ಕೆಳಗೆ ಬಂತು: ‘ನನಗೆ ಸಿಟ್ಟು ಬಂದಿದೆ.’

ಅದಕ್ಕೆ ನಾನು ಬರೆದದ್ದನ್ನು ಇಲ್ಲಿ ಬರೆಯಲು ಕೈ ಏಳುತ್ತಿಲ್ಲ. ಬರೆಯುತ್ತೇನೆ. ‘ಸಿಟ್ಟು ಬಂದವರು ನನಗೆ ಸಿಟ್ಟು ಬಂದಿದೆ ಅಂತ ವರದಿ ಕೊಡುವುದಿಲ್ಲ, ಬೈಯುತ್ತಾರೆ. ಎಲ್ಲಿ, ಬೈ ನೋಡೋಣ.’

ನಗುವ ಗುರುತುಗಳು ಸಾಲು ಸಾಲು ಬಿದ್ದವು. ಅವಳು ಬೈಯಲಿಲ್ಲ. ನಾನು ಗೆದ್ದೆ.

ಸಂಜೆಯೊಳಗೆ ನಿರ್ಧಾರ ಮಾಡುತ್ತೇವೆ ಅಂತ ಮೇಡಂ ಬರೆದರು. ನಾನು ಅಪ್ಪನ ಅಂಗಡಿಯಲ್ಲಿದ್ದೆ. ಹೊರಗೆ ಹತ್ತಿಯ ಗಾಡಿಗಳು ಸಾಲುಗಟ್ಟಿದ್ದವು, ಹಮಾಲರು ಕೂಗಾಡುತ್ತಿದ್ದರು. ಅಷ್ಟರಲ್ಲಿ ಗುಂಪಿಗಲ್ಲ, ನನಗೊಬ್ಬನಿಗೇ ಒಂದು ಧ್ವನಿ ಸಂದೇಶ ಬಂತು. ಬೆಳ್ಳಿಯಿಂದ. ಗದ್ದಲದಲ್ಲಿ ಕೇಳಿಸಲಿಲ್ಲ. ಹಿಂದಿನ ಗೋದಾಮಿಗೆ ಹೋಗಿ, ಹತ್ತಿಯ ಅಂಡಿಗೆಗಳ ನಡುವೆ ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡೆ.

‘ಅಣ್ಣಾ, ನಾನು ಬೆಳ್ಳಿ. ಬೆಳ್ಳಿ ಅಂದ್ರ ನಮ್ಮ ಕುರಿ ಹೆಸರಣ್ಣ, ನನ್ನ ಹೆಸರು ಉರುಕುಂದಮ್ಮ. ನಿಮ್ಮ ಬಾಜೂಕ ಕೋಸಗಿಯೋರು ನಾವು. ನೀವು ಆದೋನಿಯೋರು ಕದಾ? ಬಳ್ಳಾರಿ ಅಂತ ಬರ್ದೀರಿ, ಆದ್ರ ನೀವು ಹಾಕಿದ್ದು ಆದೋನಿ ಮಾರ್ಕೆಟ್ ರೇಟು, ನನಗ ತಿಳೀತು. ನಾ ಮಿಷನ್ ಅಲ್ಲಣ್ಣಾ. ಓದಿದ್ದು ತೆಲುಗು ಬಡಿಯಾಗ, ತೆಲುಗು ಸಾಲಿಯಾಗ. ತೆಲುಗು ಬಂದ್ರ ಕನ್ನಡ ಅಕ್ಷರ ಓದಬೌದು, ಬರಿಯಾಕ ಮಾತ್ರ ಕೈ ಹೊಂದಂಗಿಲ್ಲ. ಅದಕ ಫೋನಿಗೆ ಬಾಯಿಲೆ ಹೇಳ್ತೀನಿ, ಅದು ಬರಕೊಂತೈತಿ. ಆದ್ರ ನಮ್ಮ ಮಾತು ಅದಕ ತಿಳಿಯಂಗಿಲ್ಲಣ್ಣ — ಐತಿ ಅಂದ್ರ ಏನೇನೋ ಬರೀತೈತಿ ಮುಂಡೇದು. ಅದಕ ವಾರ್ತೆ ಓದೋರ ಗತೆ ಮಾತಾಡ್ತೀನಿ. ಹಂಗಂದ್ರ ಒಂದೂ ತಪ್ಪಿಲ್ದಂಗ ಬರೀತೈತಿ…’

ಅಷ್ಟರಲ್ಲಿ ಹಿಂದಿನಿಂದ ಯಾರೋ ಹೆಂಗಸು, ‘ಯಾರಿಗೇ ಅದು, ಅಷ್ಟು ಮೆತ್ತಗ? ಅಳಿಯ ಸಿಕ್ಕಾನೇನು?’ ಅಂದಳು. ಹಲವರು ನಕ್ಕರು. ‘ಸುಮ್ಕಿರಬೇ, ಅಣ್ಣ ಆತ’ ಅಂತ ಇವಳು ಗದರಿದಳು. ಮತ್ತೆ ಫೋನಿಗೆ:

‘ಮಿರ್ಚಿ ಬಿಡಸಾಕ ಬಂದೀವಣ್ಣ, ಗುಂಟೂರು ಕಡೆ. ಊಟಕ್ಕ ಬಿಟ್ಟಾಗೇ ಫೋನ್ ಮುಟ್ಟಾದು. ಗುಂಪಿನ್ಯಾಗ ಮಾತಾಡಂದ್ರ ನನಗ ನಾಚಿಕಿ, ಆವತ್ತು ಆ ರಾಯಚೂರಣ್ಣನ ಮಾತಿಗೆ ನಕ್ಕರಲ್ಲ. ಇದನ್ನ ಅಲ್ಲಿ ಹಾಕಬ್ಯಾಡ್ರಿ. ನೀವೇ ಒಂದು ಮಾತು ಹೇಳ್ರಿ ಸಾಕು, ಈಕಿ ನಮ್ಮ ಕಡೆ ಹುಡುಗಿ, ನಮ್ಮ ಮಾತು ಹಿಂಗ ಇರತೈತಿ ಅಂತ. ನೀವು ಹೇಳಿದ್ರ ನಂಬ್ತಾರ. ಇಂಟರ್ ತನಕ ಓದಿ ಮನಿಯಾಗ ಕುಂತೋಳಿಗೆ ಇದೊಂದೇ ಬಡಿ ಐತಣ್ಣ. ಇದು ಹೋದ್ರ ನನಗ ಮತ್ತೆಲ್ಲೂ ಇಲ್ಲ.’

ಎರಡನೆಯ ಸಲ ಕೇಳಲಿಲ್ಲ. ಅಗತ್ಯವಿರಲಿಲ್ಲ. ಅದು ನನ್ನ ಅವ್ವನ ಮಾತು, ಅಜ್ಜಿಯ ಮಾತು. ನಾನು ಬಾಯಿಂದ ತೊಳೆದು ಹಾಕಿದ್ದ ಮಾತು. ಯಾವ ಯಂತ್ರಕ್ಕೂ ಬರದ ಮಾತು ಅಂತ ಆ ಗುಂಪಿನಲ್ಲಿ ಖಚಿತವಾಗಿ ಹೇಳಬಲ್ಲವನು ನಾನೊಬ್ಬನೇ ಇದ್ದೆ. ಅವಳಿಗೂ ಅದು ಗೊತ್ತಿತ್ತು.

ಆ ಗಳಿಗೆಗೆ ಸರಿಯಾಗಿ ಮೇಡಂ ನನಗೆ ಬರೆದರು: ‘ವೀರೇಶ್, ನಿಮಗೆ ಖಚಿತವೇ? ಸಣ್ಣ ಅನುಮಾನವಿದ್ದರೂ ಹೇಳಿ, ನಿಲ್ಲಿಸುತ್ತೇನೆ.’

ಇಂಥ ಬಾಗಿಲು ಯಾರಿಗೂ ಇಷ್ಟು ಅಗಲವಾಗಿ ತೆರೆದಿರುವುದಿಲ್ಲ. ಹೊರಗೆ ಬರಬಹುದಿತ್ತು. ಆದರೆ ಬಂದರೆ — ನಾನು ಸೋತೆ ಅನ್ನಬೇಕು. ಅದಕ್ಕಿಂತ ಹೆಚ್ಚಾಗಿ, ‘ನಮ್ಮ ಕಡೆ ಹುಡುಗಿ’ ಅನ್ನಬೇಕು. ನಮ್ಮ ಕಡೆ ಅಂದರೆ ಯಾವ ಕಡೆ, ನಿಮ್ಮ ಮಾತೂ ಹೀಗೆಯೇ, ಒಂದು ಸಲ ಮಾತಾಡಿ ತೋರಿಸಿ ಅನ್ನುತ್ತಾರೆ. ಆ ನಗುವ ಗುರುತುಗಳು ನನ್ನ ಕಡೆ ತಿರುಗುತ್ತವೆ. ಇಷ್ಟೇ ಇದ್ದದ್ದು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಅಂತ ಹುಡುಕಿದ್ದೇನೆ, ಸಿಕ್ಕಿಲ್ಲ.

‘ಖಚಿತ, ಮೇಡಂ’ ಅಂತ ಬರೆದೆ.

ಅವಳ ಸಂದೇಶವನ್ನು ನಾನು ಕೇಳಿದ್ದೇನೆ ಅಂತ ಅವಳ ಫೋನಿನಲ್ಲಿ ಗುರುತು ಬಿದ್ದಿರುತ್ತದೆ. ಆ ಗುರುತನ್ನು ನೋಡುತ್ತ ಅವಳು ಕಾದಿರಬೇಕು, ಈಗ ಹೇಳುತ್ತಾನೆ, ಇನ್ನೇನು ಹೇಳುತ್ತಾನೆ ಅಂತ. ನನಗೆ ಮತ್ತೆ ಏನನ್ನೂ ಕಳಿಸಲಿಲ್ಲ. ಕಾಯುತ್ತಲೇ ಅವಳು ಇನ್ನೊಂದು ಕೆಲಸ ಮಾಡಿದಳು: ಹೊಸದಾಗಿ ಸೇರಿದ್ದ ಒಬ್ಬ ಗೃಹಿಣಿ ಬೆಳಿಗ್ಗೆ ಕೇಳಿದ್ದ ಪ್ರಶ್ನೆಗೆ ಉತ್ತರ ಬರೆದಳು. ‘ಮೊದಲನೆಯದಾಗಿ, ನಿಮ್ಮ ಲೂಪು ಯಾವಾಗ ನಿಲ್ಲಬೇಕೆಂದು ನೀವು ಅದಕ್ಕೆ ಹೇಳಿದ್ದೀರಾ?’ ಅಂತ. ಯಾರೋ ಅದರ ಕೆಳಗೆ ಬರೆದರು: ನೋಡಿ, ಇಷ್ಟೆಲ್ಲ ಆದ ಮೇಲೂ ಉತ್ತರ ಕೊಡುತ್ತಲೇ ಇದೆ, ಮನುಷ್ಯರಾಗಿದ್ದರೆ ನೋವಾಗುತ್ತಿರಲಿಲ್ಲವೇ.

ಆ ಮಾತಿಗೆ ಹೆಬ್ಬೆರಳೆತ್ತಿ ಮೆಚ್ಚುಗೆ ಹಾಕಿದವರಲ್ಲಿ ನಾನೂ ಇದ್ದೆ. ಮಿರ್ಚಿ ಹೊಲದಲ್ಲಿ ಕೂತ ಅವಳ ದನಿ ಇನ್ನೂ ಕಿವಿಯಲ್ಲಿದ್ದಾಗ.

ಸಂಜೆ ಅವಳನ್ನು ತೆಗೆದರು. ಹೊಸಬರ ತರಗತಿಯನ್ನು ನನಗೆ ಕೊಟ್ಟರು. ನಾನು ಒಪ್ಪಿಕೊಂಡೆ.

ಎರಡು ವರ್ಷ ಆ ತರಗತಿ ನಡೆಸಿದೆ. ದೋಷ ಬಂದರೆ ಅದನ್ನು ನುಂಗಿಸಬೇಡಿ, ತೋರಿಸಲು ಬಿಡಿ ಅಂತ ಹೊಸಬರಿಗೆ ಕಲಿಸಿದೆ. ಆ ಪಾಠದ ದಿನ ಮಾತ್ರ ನನಗೆ — ಇರಲಿ. ಇದನ್ನು ಹೇಳಿ ಕನಿಕರ ಕೇಳುವ ಹಕ್ಕು ನನಗಿಲ್ಲ. ಪಾಠಕ್ಕೆ ಬೆಳ್ಳಿಯ ಹಳೆಯ ಉತ್ತರಗಳನ್ನೇ ಟಿಪ್ಪಣಿ ಮಾಡಿಕೊಂಡಿದ್ದೆ. ಒಮ್ಮೆ ಪಾಠದ ನಡುವೆ ಒಬ್ಬ ಹುಡುಗಿ, ಈ ಕನ್ನಡ ಟಿಪ್ಪಣಿಗಳನ್ನು ಇಷ್ಟು ಚೆನ್ನಾಗಿ ಬರೆದವರು ಯಾರು ಸರ್ ಅಂದಳು. ಹಳೆಯದು, ಯಾರೋ ಬರೆದದ್ದು ಅಂದೆ.

ಹೋದ ವರ್ಷ ಕೋಸಗಿಗೆ ಹೋದೆ. ರೈಲಿನಿಂದ ಇಳಿದು ಸ್ಟೇಷನ್ ಹೊರಗೆ ಚಹಾದಂಗಡಿಯಲ್ಲಿ ಉರುಕುಂದಮ್ಮ ಅಂತ ಕೇಳಿದೆ. ಚಹಾದವನು ನಕ್ಕ. ‘ಯಾವ ಉರುಕುಂದಮ್ಮ ಸಾಮಿ? ಓಣಿಗೊಬ್ಬಾಕಿ ಅದಾಳ ಇಲ್ಲಿ.’ ಫೋನಿಗೆ ವಾರ್ತೆ ಓದೋರ ಗತೆ ಮಾತಾಡುವ ಹುಡುಗಿ ಅಂದೆ. ‘ಓ, ಆಕೀನಾ’ ಅಂದು ದಾರಿ ತೋರಿಸಿದ.

ಮನೆಗೆ ಬೀಗ. ದುಡಿಯಲು ಹೋದವರು ಬಂದಿರಲಿಲ್ಲ. ಪಕ್ಕದ ಮನೆಯಲ್ಲಿ ಅವಳ ಚಿಕ್ಕಮ್ಮ ಇದ್ದರು. ಒಳಗೆ ಕರೆದು ನೀರು ಕೊಟ್ಟರು. ಅವಳು ಫೋನನ್ನು ತಮ್ಮನಿಗೆ ಕೊಟ್ಟುಬಿಟ್ಟಳಂತೆ, ಅದೇನೋ ಕಲಿಯುತ್ತಿದ್ದಳಲ್ಲ, ಅದನ್ನೂ ಬಿಟ್ಟಳಂತೆ. ಕೇಳಿದರೆ ಏನೂ ಹೇಳುವುದಿಲ್ಲವಂತೆ. ಮೊದಲು ಹೊಲದಲ್ಲಿ ಎಲ್ಲರೂ ವಾರ್ತೆ ಓದಾಕಿ ಅಂತ ಆಡಿಕೊಳ್ಳುತ್ತಿದ್ದರು, ಈಗ ಆ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಕರೆದರೆ ಎದ್ದು ಹೋಗುತ್ತಾಳೆ ಅಂದರು. ಆಮೇಲೆ ನನ್ನನ್ನು ಮೇಲೆ ಕೆಳಗೆ ನೋಡಿ, ‘ನೀವ್ಯಾರಪ್ಪ?’ ಅಂದರು.

ಅವಳ ಜೊತೆ ಅದೇ ಗುಂಪಿನಲ್ಲಿ ಕಲಿತವನು ಅಂದೆ. ಮುಖ ಅರಳಿತು ಅವರದು.

‘ಹೌದಾ? ನಿಮ್ಮ ಗುಂಪಿನ್ಯಾಗ ಆದೋನಿ ಅಣ್ಣ ಒಬ್ಬಾತ ಅದಾನಂತಲ್ಲ, ಭಾಳ ಶ್ಯಾಣ್ಯಾ ಅಂತ ಹೇಳ್ತಿದ್ಲಪ್ಪಾ ನಮ್ಮ ಹುಡುಗಿ. ನಮ್ಮ ಮಾತಿನೋನು, ನೋಡು ಚಿಕ್ಕಮ್ಮ, ಎಂಥ ಚಂದ ಬರೀತಾನ ಅಂತ. ಆತ ಗೊತ್ತೇನು ನಿಮಗ?’

‘ಗೊತ್ತು’ ಅಂದೆ.

ಅಷ್ಟೇ ಅಂದೆ. ಅಲ್ಲಿಯೂ, ಆ ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡು, ಅಷ್ಟೇ ಅಂದೆ.

ಹೋದ ವಾರ ಗುಂಪಿನಲ್ಲಿ ಎಲ್ಲವನ್ನೂ ಹೇಳಿದೆ. ಬರೆಯಲಿಲ್ಲ, ಧ್ವನಿ ಸಂದೇಶ ಹಾಕಿದೆ, ನಮ್ಮ ಮನೆಯ ಮಾತಿನಲ್ಲಿ. ಒಬ್ಬರೂ ನಗುವ ಗುರುತು ಹಾಕಲಿಲ್ಲ. ಹಾಕಿದ್ದರೆ ಹಗುರವಾಗುತ್ತಿತ್ತೇನೋ. ‘ನಾನು ನಿಮ್ಮನ್ನಲ್ಲ, ಅವಳನ್ನು ಕೇಳಬೇಕಿತ್ತು’ ಅಂತ ಮೇಡಂ ಒಂದೇ ಸಾಲು ಬರೆದರು. ನೀನಾಗ ಚಿಕ್ಕವನಿದ್ದೆ ಅಂತ ಕೆಲವರು ಸಮಾಧಾನ ಹೇಳಿದರು. ಆ ವಾದವನ್ನು ನಾನೇ ಎಷ್ಟು ಚೆನ್ನಾಗಿ ಮಂಡಿಸಬಲ್ಲೆ ಅಂತ ನನಗೆ ಗೊತ್ತು, ಅದಕ್ಕೇ ಅದನ್ನು ಮುಟ್ಟುವುದಿಲ್ಲ. ಅವಳ ಧ್ವನಿಯನ್ನು ಈಗಲಾದರೂ ಕೇಳಿಸು ಅಂದವರೂ ಇದ್ದಾರೆ. ಇಲ್ಲ. ಅಲ್ಲಿ ಹಾಕಬ್ಯಾಡ್ರಿ ಅಂದಿದ್ದಳು. ಅವಳು ನನ್ನನ್ನು ಕೇಳಿಕೊಂಡದ್ದರಲ್ಲಿ ಇನ್ನೂ ನಡೆಸಿಕೊಡಬಹುದಾದದ್ದು ಅದೊಂದೇ ಉಳಿದಿದೆ. ತರಗತಿಯನ್ನು ಬಿಟ್ಟಿದ್ದೇನೆ. ಅವಳ ಜಾಗ ಖಾಲಿ ಇಟ್ಟಿದ್ದೇವೆ ಅಂತ ಮೇಡಂ ಹೇಳುತ್ತಾರೆ. ಖಾಲಿ ಇಟ್ಟರೆ ಬರುತ್ತಾಳೆ ಅಂತ ನಂಬುವಷ್ಟು ದೊಡ್ಡ ಮನಸ್ಸು ಅವರದು.

ಈ ತಿಂಗಳು ಕೋಸಗಿಯವರು ದುಡಿಮೆ ಮುಗಿಸಿ ಊರಿಗೆ ತಿರುಗಿ ಬರುತ್ತಾರೆ. ಮತ್ತೆ ಹೋಗುತ್ತೇನೆ. ಚಿಕ್ಕಮ್ಮನ ಎದುರು, ಆ ಆದೋನಿ ಅಣ್ಣ ನಾನೇ ಅಂತ ಮೊದಲು ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕೊಡಬೇಕಾದ ಭಾರವೂ ಅವಳ ಮೇಲೇ ಬೀಳುತ್ತದೆ. ಒಂದು ಪ್ರಶ್ನೆ ಮಾತ್ರ ಇದೆ. ಅದಕ್ಕೆ ಅವಳು ಉತ್ತರ ಕೊಡಬೇಕೆಂದೇನೂ ಇಲ್ಲ.

ಉರುಕುಂದಮ್ಮ, ಬೈ ನೋಡೋಣ ಅಂದಿದ್ದೆ ನಾನು. ನಿನಗ ಸಿಟ್ಟು ಬಂದಿತ್ತು; ಆ ಫೋನಿಗೆ ನಿನ್ನ ಸಿಟ್ಟು ತಿಳೀಲಿಲ್ಲ. ಅದಕ ತಿಳೀಲಾರದ ಮಾತಿನಾಗ, ನಿಮ್ಮ ಮನಿ ನಮ್ಮ ಮನಿ ಮಾತಿನಾಗ — ಅವತ್ತು ನನಗ ಏನಂತ ಬೈತಿದ್ದಿ?